ಯಂತ್ರ ಬದಲಿಸುವ ಮುನ್ನ ಲೋಟ ಎಣಿಸಿ



ನಮ್ಮಲ್ಲಿ ಬಹಳ ಜನಕ್ಕೆ ಎಸ್ಪ್ರೆಸೊ ಎಂದರೆ ಇವತ್ತಿಗೂ ಮದುವೆಮನೆಯ ಕಾಫಿ. ಆರತಕ್ಷತೆಯ ಊಟ ಮುಗಿಸಿ ಬೀಡಾ ಕಡೆಗೆ ನಡೆಯುವ ದಾರಿಯಲ್ಲಿ ಎತ್ತರದ ಒಂದು ಸ್ಟೀಲ್ ಡ್ರಮ್ಮು, ಅದರ ಪಕ್ಕಕ್ಕೆ ಬಾಗಿದ ಒಂದು ಕೊಳವೆ, ಕಿವಿಗಡಚಿಕ್ಕುವ ಭರ್ರೆನ್ನುವ ಸದ್ದು. ಇನ್‌ಸ್ಟಂಟ್ ಪುಡಿ, ಸಕ್ಕರೆ, ಹಾಲು ಹಾಕಿದ ಜಗ್ಗಿಗೆ ಹಬೆ ನುಗ್ಗಿಸಿ, ಉಕ್ಕಿಬಂದ ನೊರೆಯ ಮೇಲೆ ಚಾಕೊಲೆಟ್ ಪುಡಿ ಉದುರಿಸಿ ಕೊಡುತ್ತಾರೆ. ಅದರ ರುಚಿಯ ಬಗ್ಗೆ ನನ್ನ ತಕರಾರೇನಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಸುತ್ತಾಡಿ ಕಾಲು ಸೋತಾಗ ಅದೇ ಚೆನ್ನ. ಆದರೆ ಅದು ಹಬೆಯಲ್ಲಿ ಕಾಯಿಸಿದ ಹಾಲು, ಎಸ್ಪ್ರೆಸೊ ಅಲ್ಲ.

ಎಸ್ಪ್ರೆಸೊದ ಲೆಕ್ಕ ಬೇರೆ. ಹದಿನೆಂಟು ಗ್ರಾಂನಷ್ಟು ಸಣ್ಣಗೆ ಬೀಸಿದ ಪುಡಿಯನ್ನು ತೂತಿನ ಬಟ್ಟಲಲ್ಲಿ ಒತ್ತಿ ಕೂರಿಸಿ, 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ, ಎಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಒಂಬತ್ತು ಪಟ್ಟಿನಲ್ಲಿ, ಅದರ ಮೂಲಕ ತಳ್ಳಬೇಕು. 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂನಷ್ಟು ಗಟ್ಟಿ ಕಾಫಿ ಇಳಿಯುತ್ತದೆ. ಮೇಲೆ ಕಂದು ಬಣ್ಣದ ತೆಳು ನೊರೆ, ಅದೇ ಕ್ರೆಮಾ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತದೆ, ಅರ್ಧ ಗಂಟೆಯಾದರೂ ಆತುರವಿಲ್ಲ. ಇಲ್ಲಿ ಅರ್ಧ ನಿಮಿಷದಲ್ಲಿ ಎಲ್ಲವೂ ತೀರ್ಮಾನ. ಅದಕ್ಕೇ ಯಂತ್ರದ ಮೇಲೆ ಇಷ್ಟೊಂದು ಜವಾಬ್ದಾರಿ ಬೀಳುವುದು.

ಈಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಅನೇಕ ಅಡುಗೆಮನೆಗಳಿಗೆ ಒಂದು ಸಣ್ಣ ಎಸ್ಪ್ರೆಸೊ ಯಂತ್ರ ಬಂದು ಕೂತಿದೆ. ಹಬ್ಬದ ರಿಯಾಯಿತಿಯಲ್ಲಿ ಕೊಂಡದ್ದೋ, ಗೃಹಪ್ರವೇಶಕ್ಕೆ ಉಡುಗೊರೆ ಬಂದದ್ದೋ. ಒಂದೆರಡು ವರ್ಷ ಅದರ ಜೊತೆ ಏಗಿದ ಮೇಲೆ ಮನೆಯ ಕಾಫಿಪ್ರಿಯರಿಗೆ ಅನ್ನಿಸುತ್ತದೆ: ಇದು ಸಾಲದು, ಇದಕ್ಕಿಂತ ಒಳ್ಳೆಯದನ್ನು ತರೋಣ. ಆಗ ಕೈಗೆ ಸಿಗುವ ಯಂತ್ರಗಳ ಬೆಲೆ ಹಿಂದಿನದರ ಐದು ಪಟ್ಟು, ಹತ್ತು ಪಟ್ಟು. ಇವತ್ತಿನ ನನ್ನ ಮಾತು ಆ ಹೊಸ್ತಿಲ ಮೇಲೆ ನಿಂತವರಿಗೆ. ಈಗ ಮಾರಾಟದಲ್ಲಿರುವ ಯಂತ್ರಗಳ ಹೆಸರು ಹಿಡಿದು ಬಾನುಲಿಯಲ್ಲಿ ಇದು ಕೊಳ್ಳಿ, ಅದು ಬಿಡಿ ಎನ್ನುವುದು ಸರಿಯಲ್ಲ. ಜಾತಿ, ಗುಣ ಹೇಳುತ್ತೇನೆ. ಹೆಸರು ನೀವೇ ಹುಡುಕಿಕೊಳ್ಳಿ.

ಮೊದಲು, ಮನೆಯಲ್ಲಿರುವ ಸಣ್ಣ ಯಂತ್ರದ ಕೊರತೆ ಏನು ಎಂದು ನೋಡೋಣ. ಅದರ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 15 ಬಾರ್ ಎಂದೋ 20 ಬಾರ್ ಎಂದೋ ಬರೆದಿರುತ್ತದೆ. ಅದಕ್ಕೆ ಮರುಳಾಗಬೇಡಿ. ಅದು ಪಂಪು ತನ್ನೆಲ್ಲ ಶಕ್ತಿ ಹಾಕಿದರೆ ಮುಟ್ಟಬಹುದಾದ ಒತ್ತಡ, ಕಾಫಿಗೆ ಬೇಕಾದದ್ದಲ್ಲ. ಒಳ್ಳೆಯ ಯಂತ್ರದಲ್ಲಿ ಹೆಚ್ಚಿನ ಒತ್ತಡವನ್ನು ಹೊರಗೆ ಬಿಟ್ಟು 9ರ ಆಸುಪಾಸಿನಲ್ಲಿ ನಿಲ್ಲಿಸುವ ಒಂದು ವಾಲ್ವ್ ಇರುತ್ತದೆ. ಹೊಸದು ಕೊಳ್ಳುವಾಗ ಅಂಗಡಿಯವರನ್ನು ಅದರ ಬಗ್ಗೆ ಕೇಳಿ, 15ರ ಬಗ್ಗೆ ಅಲ್ಲ.

ಎರಡನೆಯದು ಪುಡಿ ಹಾಕುವ ಬಟ್ಟಲು. ಸಣ್ಣ ಯಂತ್ರದ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ. ಒಳಗಡೆ ನೂರಾರು ತೂತು ಕಾಣುತ್ತವೆ, ತಿರುಗಿಸಿದರೆ ತಳದಲ್ಲಿ ಇರುವುದು ಸೂಜಿಮೊನೆಯಷ್ಟು ಒಂದೇ ತೂತು. ಎರಡು ಪದರದ ತಳ ಅದು. ಪುಡಿ ಹೇಗೇ ಇರಲಿ, ಕಾಫಿ ಆ ಒಂದೇ ತೂತಿನಿಂದ ಚಿಮ್ಮುವಾಗ ನೊರೆಯಾಗುತ್ತದೆ. ನೋಡುವುದಕ್ಕೆ ಕ್ರೆಮಾ, ನಾಲಗೆಗೆ ಬರೀ ಗಾಳಿ. ಮೂರು ತಿಂಗಳ ಹಿಂದೆ ಬೀಸಿದ ಪುಡಿಯಿಂದಲೂ ಅದು ನೊರೆ ಎಬ್ಬಿಸಿಕೊಡುತ್ತದೆ, ಅದೇ ಅದರ ಉಪಕಾರ, ಅದೇ ಅಪಕಾರ. ನಿಮ್ಮ ಯಂತ್ರಕ್ಕೆ ಹೊಂದುವ ಒಂದೇ ಪದರದ ಬಟ್ಟಲು ಸಿಗುವುದಾದರೆ ಮೊದಲು ಅದನ್ನು ತಂದು ಹಾಕಿ. ಖರ್ಚು ಕಡಿಮೆ.

ಹಾಕಿದ ಕೂಡಲೇ ಒಂದು ಸತ್ಯ ಗೊತ್ತಾಗುತ್ತದೆ. ಅಂಗಡಿಯಲ್ಲಿ ಬೀಸಿಸಿಕೊಂಡು ಬಂದ ಪುಡಿ ಇಲ್ಲಿ ನಡೆಯುವುದಿಲ್ಲ. ಫಿಲ್ಟರಿಗೆಂದು ಬೀಸಿದ ಪುಡಿ ತರಿಯಾಗಿರುವುದರಿಂದ ನೀರು ಹತ್ತೇ ಸೆಕೆಂಡಿನಲ್ಲಿ ಸರಕ್ಕನೆ ಇಳಿದುಬಿಡುತ್ತದೆ, ಕಾಫಿ ಹುಳಿಹುಳಿಯಾಗಿ ನೀರಾಗಿರುತ್ತದೆ. ಇನ್ನೂ ಸಣ್ಣಗೆ ಬೇಕು, ಅದೂ ಬೀಜದಿಂದ ಬೀಜಕ್ಕೆ, ಹುರಿದು ಎಷ್ಟು ದಿನವಾಯಿತು ಎಂಬುದರ ಮೇಲೆ, ಮಳೆಗಾಲವೋ ಬೇಸಿಗೆಯೋ ಎಂಬುದರ ಮೇಲೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುತ್ತಿರಬೇಕು. ಮಿಕ್ಸಿಯಲ್ಲಿ ಇದು ಆಗದ ಕೆಲಸ. ಮಿಕ್ಸಿಯ ಬ್ಲೇಡು ಬೀಜವನ್ನು ಹೊಡೆದು ಚೂರು ಮಾಡುತ್ತದೆ. ಅರ್ಧ ಧೂಳು, ಅರ್ಧ ರವೆ. ಎರಡು ಹಲ್ಲುಚಕ್ರಗಳ ನಡುವೆ ಅರೆಯುವ ಗ್ರೈಂಡರ್ ಬೇಕು, ಆ ಚಕ್ರಗಳ ಅಂತರವನ್ನು ಸೂಕ್ಷ್ಮವಾಗಿ ತಿರುಗಿಸುವ ಅನುಕೂಲವಿರಬೇಕು. ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಕೂಡ ಆದೀತು, ದಿನಕ್ಕೆ ಎರಡು ಲೋಟದ ಮನೆಗೆ ಅದೇ ಬೇಕಾದಷ್ಟು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕೈಯಲ್ಲಿ ಒಂದು ಮೊತ್ತವಿದ್ದು, ಒಳ್ಳೆಯ ಗ್ರೈಂಡರ್ ಇನ್ನೂ ಇಲ್ಲದಿದ್ದರೆ, ಆ ಮೊತ್ತದ ಅರ್ಧಕ್ಕೆ ಹತ್ತಿರ ಗ್ರೈಂಡರಿಗೆ ಹೋಗಲಿ. ಒಳ್ಳೆಯ ಗ್ರೈಂಡರ್ ಜೊತೆ ಸಾಧಾರಣ ಯಂತ್ರ ಒಳ್ಳೆಯ ಕಾಫಿ ಕೊಡುತ್ತದೆ. ಕೆಟ್ಟ ಗ್ರೈಂಡರ್ ಜೊತೆ ಲಕ್ಷಗಟ್ಟಲೆಯ ಯಂತ್ರ ಕೆಟ್ಟ ಕಾಫಿಯನ್ನೇ ಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಗ್ರೈಂಡರ್ ಬಂದ ಮೇಲೆ ಹೊಸ ಯಂತ್ರದ ಮಾತೇ ನಿಂತುಹೋಗುವುದುಂಟು.

ಗ್ರೈಂಡರ್ ಬಂತು, ಆದರೂ ಯಂತ್ರ ಬದಲಿಸಲೇಬೇಕು ಎನ್ನಿ. ಆಗ ಒಂದು ಕೆಲಸ ಮಾಡಿ. ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆರರಿಂದ ಒಂಬತ್ತರೊಳಗೆ ಮನೆಯಿಂದ ಎಷ್ಟು ಲೋಟ ಕಾಫಿ ಹೊರಟಿತು, ಅದರಲ್ಲಿ ಹಾಲು ಹಾಕಿದ್ದೆಷ್ಟು, ಹಾಕದ್ದೆಷ್ಟು, ಒಂದರ ಬೆನ್ನಿಗೆ ಇನ್ನೊಂದು ಹೊರಟವೋ ಬಿಡಿಬಿಡಿಯಾಗಿಯೋ ಎಂದು ಎಣಿಸಿ. ಹೊರದೇಶಗಳಲ್ಲಿ ಬರೆದ ವಿಮರ್ಶೆಗಳು ಬಹುಮಟ್ಟಿಗೆ ಬರಿಯ ಕಾಫಿ ಕುಡಿಯುವವರು ಬರೆದವು. ಅವರ ಜಗಳವೆಲ್ಲ ಅರ್ಧ ಡಿಗ್ರಿ ಬಿಸಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದರ ಮೇಲೆ. ನಮ್ಮ ಮನೆಗಳಲ್ಲಿ ಪ್ರಶ್ನೆ ಅದಲ್ಲ. ನಾಲ್ಕು ಜನಕ್ಕೆ ಹಾಲಿನ ಕಾಫಿ, ಒಟ್ಟಿಗೆ, ಬಿಸಿಬಿಸಿಯಾಗಿ. ಹಾಲು ಕಾಯಿಸುವ ಹಬೆ ಎಷ್ಟು ಬೇಗ ಸಿದ್ಧವಾಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ನಮಗೆ ಮುಖ್ಯ. ಅದನ್ನು ತೀರ್ಮಾನಿಸುವುದು ಬಾಯ್ಲರ್.

ಬಾಯ್ಲರ್‌ಗಳ ಬಗೆ ತಿಳಿಯಲು ಸ್ವಲ್ಪ ಇಟಲಿಗೆ ಹೋಗಿಬರಬೇಕು. ತೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಒಮ್ಮೆಗೇ ಬಹಳ ಜನಕ್ಕೆ ಇಳಿಸುವಂಥದ್ದು. 1901ರಲ್ಲಿ ಮಿಲಾನಿನ ಲುಯಿಜಿ ಬೆಝ್ಝೆರಾ ಒಂದೊಂದು ಕಪ್ಪಿಗೂ ಬೇರೆಬೇರೆಯಾಗಿ ಇಳಿಸುವ ಉಪಾಯ ಮಾಡಿದ. ಅವನಿಂದ ಆ ಹಕ್ಕು ಕೊಂಡ ಡೆಸಿಡೇರಿಯೊ ಪಾವೊನಿ ಅದನ್ನು ವ್ಯಾಪಾರಕ್ಕೆ ತಂದ. ಆದರೆ ಅವೆಲ್ಲ ಹಬೆಯ ಬಲದಲ್ಲೇ ನಡೆದವು. ನೀರು ಅತಿಯಾಗಿ ಕಾದು ಕಾಫಿ ಕರಟಿದ ರುಚಿ, ಒತ್ತಡವೂ ಒಂದೂವರೆ ಎರಡು ಬಾರ್ ಅಷ್ಟೆ. ಕ್ರೆಮಾ ಎಂಬುದನ್ನು ಆಗಿನವರು ನೋಡಿರಲೇ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಕಿಲೆ ಗಾಜಿಯಾ ಸ್ಪ್ರಿಂಗು ಮತ್ತು ಸನ್ನೆಕೋಲಿನ ಯಂತ್ರ ತಂದ. ಸನ್ನೆ ಎಳೆದು ಬಿಟ್ಟರೆ ಸ್ಪ್ರಿಂಗು ನೀರನ್ನು ಪುಡಿಯೊಳಗೆ ತಳ್ಳುತ್ತದೆ. ಹಬೆಯ ಕೆಲಸ ಹಬೆಗೆ, ಒತ್ತಡದ ಕೆಲಸ ಸ್ಪ್ರಿಂಗಿಗೆ. ಮೊದಲ ಸಲ ಕಪ್ಪಿನ ಮೇಲೆ ನೊರೆ ತೇಲಿದಾಗ ಗಿರಾಕಿಗಳು ಇದೇನಪ್ಪ ಎಂದು ಅನುಮಾನಪಟ್ಟರಂತೆ. ಅದು ಕಾಫಿಯ ಕೆನೆ ಎಂದು ಅವರನ್ನು ಒಪ್ಪಿಸಬೇಕಾಯಿತು.

1961ರಲ್ಲಿ ಫಾಯೆಮಾ ಎಂಬ ಕಂಪನಿ ಇ61 ಎಂಬ ಯಂತ್ರ ತಂದಿತು. ಆ ವರ್ಷ ಫೆಬ್ರವರಿಯಲ್ಲಿ ಇಟಲಿಯಲ್ಲಿ ಕಂಡ ಸೂರ್ಯಗ್ರಹಣದ ಹೆಸರನ್ನು ಹೊತ್ತ ಯಂತ್ರ ಅದು. ಸನ್ನೆ ಹೋಗಿ ವಿದ್ಯುತ್ ಪಂಪು ಬಂತು. ಇನ್ನೂ ದೊಡ್ಡ ಜಾಣತನ ಒಳಗಿತ್ತು. ಹಬೆ ತುಂಬಿದ ದೊಡ್ಡ ಬಾಯ್ಲರಿನೊಳಗೆ ಒಂದು ಸಣ್ಣ ಕೊಳವೆ ಹಾಯಿಸಿದರು. ಬಚ್ಚಲ ಹಂಡೆಯ ಕುದಿನೀರಿನಲ್ಲಿ ಚೊಂಬು ಮುಳುಗಿಸಿ ಒಳಗಿನ ನೀರು ಬೆಚ್ಚಗೆ ಮಾಡಿದ ಹಾಗೆ. ಕೊಳವೆಯ ತಾಜಾ ನೀರು ಹಾಯುತ್ತಲೇ ಕಾದು ಪುಡಿಗೆ ಹೋಗುತ್ತದೆ, ಬಾಯ್ಲರಿನ ಹಬೆ ಹಾಲಿಗೆ ಹೋಗುತ್ತದೆ. ಎರಡೂ ಒಟ್ಟಿಗೆ. ಮುಂಭಾಗದಲ್ಲಿ ಕಿಲೋಗಟ್ಟಲೆ ತೂಗುವ ಹಿತ್ತಾಳೆಯ ತಲೆ, ಕ್ರೋಮ್ ಲೇಪ. ಇವತ್ತಿಗೂ ಮನೆಬಳಕೆಯ ಮೇಲಿನ ದರ್ಜೆಯ ಅನೇಕ ಯಂತ್ರಗಳು ಅದೇ ತಲೆಯನ್ನು ಹೊತ್ತಿವೆ. ಆಮೇಲೆ 1970ರಲ್ಲಿ ಫ್ಲಾರೆನ್ಸಿನ ಲಾ ಮಾರ್ಝೊಕ್ಕೊ ಕಾಫಿಗೊಂದು, ಹಬೆಗೊಂದು ಎಂದು ಎರಡು ಬೇರೆ ಬಾಯ್ಲರ್‌ಗಳ ಯಂತ್ರ ತಂದಿತು. ಅಂಗಡಿಗಳಿಗೆಂದು ಹುಟ್ಟಿದ ಈ ಎರಡೂ ಬಗೆಗಳು ಕುಗ್ಗಿ ಕುಗ್ಗಿ ಈಗ ಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬಂದಿವೆ.

ಹೀಗಾಗಿ ಈಗ ನಿಮ್ಮ ಮುಂದಿರುವ ಆಯ್ಕೆ ಮುಖ್ಯವಾಗಿ ಮೂರು. ಒಂದೇ ಬಾಯ್ಲರಿನದು, ಬಾಯ್ಲರೊಳಗೆ ಕೊಳವೆ ಹಾಯ್ದದ್ದು, ಎರಡು ಬಾಯ್ಲರಿನದು. ಇವುಗಳ ಜೊತೆಗೆ ಬಾಯ್ಲರೇ ಇಲ್ಲದೆ, ನೀರು ಹಾಯುವಾಗಲೇ ಕಾಯಿಸುವ ಲೋಹದ ಅಚ್ಚಿನ ಯಂತ್ರಗಳೂ ಇವೆ. ಅವು ಕೆಲವೇ ಸೆಕೆಂಡಿನಲ್ಲಿ ಸಿದ್ಧ, ಬೆಳಗ್ಗೆ ಓಡುವವರಿಗೆ ಅನುಕೂಲ, ಆದರೆ ಹಬೆ ತೆಳು. ಬೀಜ ಸುರಿದು ಗುಂಡಿ ಒತ್ತಿದರೆ ಎಲ್ಲ ತಾನೇ ಮಾಡುವ ಪೂರ್ತಿ ಸ್ವಯಂಚಾಲಿತ ಯಂತ್ರಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಕಚೇರಿಗೆ ಸರಿ. ಅದರ ಹಾಲಿನ ಕೊಳವೆಯನ್ನು ದಿನಾ ತೊಳೆಯುವ ತಾಳ್ಮೆ ಇರುವವರು ಕಡಿಮೆ.

ಒಂದೇ ಬಾಯ್ಲರಿನ ಯಂತ್ರ ಹೇಗೆ ನಡೆಯುತ್ತದೆ ಎಂದು ಮೈಸೂರಿನ ಕುವೆಂಪುನಗರದ ಗೆಳೆಯರೊಬ್ಬರ ಮನೆಯಲ್ಲಿ ಕೂತು ನೋಡಿದ್ದೇನೆ. ಒಳ್ಳೆಯ ಯಂತ್ರ, ಹಿತ್ತಾಳೆ ಬಾಯ್ಲರ್, ಅವರೊಬ್ಬರಿಗೆ ಅವರು ಮಾಡಿಕೊಂಡರೆ ಹೋಟೆಲಿನ ಕಾಫಿ ಪಕ್ಕಕ್ಕಿಡಬೇಕು. ಆವತ್ತು ಹಾಸನದಿಂದ ಅತ್ತೆ ಮಾವ ಬಂದಿದ್ದರು. ಮೊದಲ ಕಾಫಿ ಇಳಿಸಿದರು, ಅರ್ಧ ನಿಮಿಷ. ಹಬೆಯ ಗುಂಡಿ ಒತ್ತಿದರು. ಕಾಫಿಗೆ 93 ಡಿಗ್ರಿ ಸಾಕು, ಹಬೆಗೆ 130ರ ಹತ್ತಿರ ಬೇಕು, ಅಷ್ಟು ಏರಲು ಒಂದು ನಿಮಿಷ. ಹಾಲಿಗೆ ಹಬೆ ಕೊಡಲು ಇನ್ನೊಂದು ನಿಮಿಷ. ಮುಂದಿನ ಕಾಫಿಗೆ ಬಾಯ್ಲರ್ ತಣಿಯಬೇಕಲ್ಲ, ಅದಕ್ಕೆ ಬುಸ್ಸೆಂದು ನೀರು ಹೊರಗೆ ಬಿಟ್ಟರು. ದೀಪ ಆರುವುದನ್ನು, ಹತ್ತುವುದನ್ನು ಕಾದರು. ಇಷ್ಟಾಗಿ ಬಂದದ್ದು ಒಂದು ಲೋಟ. ಎರಡನೆಯದಕ್ಕೆ ಮತ್ತೆ ಅದೇ ಪೂಜೆ. ಹಜಾರದಿಂದ ಮಾವನವರು ಪೇಪರು ಮಡಿಸುತ್ತಾ ಕೂಗಿದರು: "ಅಳಿಯಂದ್ರೇ, ಇದು ಇವತ್ತಿನ ಕಾಫೀನೋ, ನಾಳೇದೋ?"

"ಬಂತು ಮಾವ, ಎರಡೇ ನಿಮಿಷ."

"ಅವರ ಎರಡು ನಿಮಿಷ ನಂಗೊತ್ತು ಬನ್ನಿ," ಎಂದು ಅತ್ತೆ ಒಳಗೆ ಹೋಗಿ, ರಾತ್ರಿಯೇ ಹಾಕಿಟ್ಟಿದ್ದ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸಿ, ಎಲ್ಲರಿಗೂ ಒಂದೇ ಸಲಕ್ಕೆ ಲೋಟ ತಂದಿಟ್ಟರು. ಯಂತ್ರದ ಮೊದಲ ಲೋಟ ಅಷ್ಟರಲ್ಲಿ ಆರಿತ್ತು.

ಯಂತ್ರದ್ದೇನೂ ತಪ್ಪಿಲ್ಲ. ಒಬ್ಬರು, ಹೆಚ್ಚೆಂದರೆ ಇಬ್ಬರು ಇರುವ ಮನೆಗೆ ಹೇಳಿಮಾಡಿಸಿದ್ದು ಅದು. ಬಿಸಿಯನ್ನು ಒಂದೆರಡು ಡಿಗ್ರಿಯೊಳಗೆ ಹಿಡಿದಿಡುವ ಎಲೆಕ್ಟ್ರಾನಿಕ್ ನಿಯಂತ್ರಣ ಇದ್ದರಂತೂ ಬರಿಯ ಕಾಫಿಗೆ ದೊಡ್ಡ ಯಂತ್ರಕ್ಕೆ ಸರಿಗಟ್ಟುತ್ತದೆ. ಒಂದೇ ಬಾಯ್ಲರಿನ ಯಂತ್ರ ಇರುವವರಿಗೆ ಒಂದು ಉಪಾಯ: ನಾಲ್ಕೂ ಜನರ ಕಾಫಿಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಆಮೇಲೆ ಒಂದೇ ಸಲ ಹಬೆಗೆ ಏರಿಸಿ ಹಾಲು ಕಾಯಿಸಿ. ಕ್ರೆಮಾ ಕರಗುತ್ತದೆ ಎಂದು ಶಾಸ್ತ್ರಜ್ಞರು ಗೊಣಗುತ್ತಾರೆ. ಹಾಲಿಗೆ ಬೆರೆಯುವ ಕಾಫಿ ಎರಡು ನಿಮಿಷ ಕಾದರೆ ಮುಳುಗಿಹೋಗುವುದೇನಿಲ್ಲ.

ಮೂರು ನಾಲ್ಕು ಜನಕ್ಕೆ ದಿನವೂ ಹಾಲಿನ ಕಾಫಿ ಬೇಕಾದ ಮನೆಗೆ ನನ್ನ ಮತ ಕೊಳವೆ ಹಾಯ್ದ ಬಾಯ್ಲರಿಗೆ. ಒಂದು ಕಡೆ ಕಾಫಿ ಇಳಿಯುತ್ತಿರುವಾಗಲೇ ಇನ್ನೊಂದು ಕಡೆ ಹಾಲು ಉಕ್ಕುತ್ತಿರುತ್ತದೆ, ಹಬೆ ಸೋಲುವುದಿಲ್ಲ. ಅದಕ್ಕೂ ಎರಡು ಕಷ್ಟಗಳಿವೆ. ಆ ಹಿತ್ತಾಳೆ ತಲೆ ಪೂರ್ತಿ ಕಾಯಲು ಇಪ್ಪತ್ತೈದು ಮೂವತ್ತು ನಿಮಿಷ ಹಿಡಿಯುತ್ತದೆ. ಎದ್ದ ಕೂಡಲೇ ಸ್ವಿಚ್ ಹಾಕಿ ಹಲ್ಲುಜ್ಜಲು ಹೋಗಬೇಕು, ಇಲ್ಲವೇ ತಾಸಿನ ಲೆಕ್ಕಕ್ಕೆ ತಾನೇ ಹತ್ತುವ ಟೈಮರ್ ಹಾಕಿಸಬೇಕು. ಎರಡನೆಯದು, ಯಂತ್ರ ಸುಮ್ಮನೆ ನಿಂತಿದ್ದರೆ ಕೊಳವೆಯಲ್ಲಿ ಉಳಿದ ನೀರು ಅತಿಯಾಗಿ ಕಾಯುತ್ತದೆ. ಪುಡಿ ಹಾಕುವ ಮೊದಲು ಒಂದಿಷ್ಟು ನೀರು ಬಿಡಬೇಕು. ಆರಂಭದಲ್ಲಿ ಅದು ಚಟಪಟ ಸಿಡಿಯುತ್ತದೆ, ಸಿಡಿತ ನಿಂತು ನೀರು ನೇರವಾಗಿ ಸುರಿಯತೊಡಗಿದಾಗ ಸರಿ ಹೋಯಿತೆಂದು ಲೆಕ್ಕ. ಇಲ್ಲೊಂದು ಊರಿನ ಮಾತಿದೆ. ಸಮುದ್ರದ ದಡದ ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕೆಳಗೆ. ಹಾಗಾಗಿ ಇಟಲಿಯ ಕೈಪಿಡಿ ಇಷ್ಟೇ ಸೆಕೆಂಡು ನೀರು ಬಿಡಿ ಎಂದಿದ್ದರೆ ಅದನ್ನು ಕುರುಡಾಗಿ ನಂಬದೆ ನಿಮ್ಮ ಊರಿನ ಸಿಡಿತವನ್ನು ಕಿವಿಗೊಟ್ಟು ಕೇಳಿ.

ಎರಡು ಬಾಯ್ಲರಿನ ಯಂತ್ರದಲ್ಲಿ ಈ ಕಾಟವಿಲ್ಲ. ಕಾಫಿಯ ಬಿಸಿಯನ್ನು ಬೇಕಾದ ಡಿಗ್ರಿಗೆ ನಿಲ್ಲಿಸಬಹುದು. ತೆಳುವಾಗಿ ಹುರಿದ ಅರಾಬಿಕಾಕ್ಕೆ 95, ಕಪ್ಪಗೆ ಹುರಿದದ್ದಕ್ಕೆ 90 ಹೀಗೆ. ವಾರಕ್ಕೊಂದು ತೋಟದ ಬೀಜ ತಂದು ರುಚಿ ನೋಡುವ ಹುಚ್ಚು ಇರುವವರಿಗೆ ಅದು ಸಾರ್ಥಕ. ವರ್ಷವಿಡೀ ಒಂದೇ ಅಂಗಡಿಯ ಒಂದೇ ಬೀಜಕ್ಕೆ ಹಾಲು ಬೆರೆಸಿ ಕುಡಿಯುವವರು ಆ ಹೆಚ್ಚಿನ ಹಣವನ್ನು ಉಳಿಸಿಕೊಳ್ಳಬಹುದು.

ಪಂಪಿನ ಬಗ್ಗೆ ಒಂದೇ ಮಾತು. ಕಂಪಿಸುವ ಸಣ್ಣ ಪಂಪು ಗುರ್ರೆನ್ನುತ್ತದೆ, ಅಗ್ಗ, ಕೆಟ್ಟರೆ ಬದಲಿಸುವುದು ಸುಲಭ. ಮೋಟಾರಿನ ಪಂಪು ಮೌನಿ, ಬೆಲೆ ಹೆಚ್ಚು. ರುಚಿಯಲ್ಲಿ ವ್ಯತ್ಯಾಸ ಹುಡುಕುವುದು ದಂಡ.

ಹಾಲಿನ ವಿಷಯಕ್ಕೆ ಬಂದರೆ, ನಮ್ಮ ಅಭ್ಯಾಸ ಪ್ಯಾಕೆಟ್ ಒಡೆದ ಕೂಡಲೇ ಕಾಯಿಸಿಡುವುದು. ಕಾಯಿಸಿ ಆರಿಸಿದ ಹಾಲಿನ ಕೆನೆಪದರ ಹಬೆಕೊಳವೆಗೆ ಅಂಟುತ್ತದೆ, ನೊರೆ ಒಡೆದೊಡೆದು ಬರುತ್ತದೆ. ಪ್ಯಾಶ್ಚರೀಕರಿಸಿದ ಹೋಮೋಜನೈಸ್ಡ್ ಹಾಲನ್ನು ಫ್ರಿಜ್ಜಿನಿಂದ ನೇರವಾಗಿ ಜಗ್ಗಿಗೆ ಸುರಿಯಿರಿ. 60, 65 ಡಿಗ್ರಿಗೆ ನಿಲ್ಲಿಸಿದರೆ ಸಿಹಿಯಾಗಿರುತ್ತದೆ. ಸುಡುಸುಡು ಬೇಕೆನ್ನುವ ಹಿರಿಯರಿಗೆ ಇನ್ನೂ ಐದು ಡಿಗ್ರಿ ಏರಿಸಿ ಕೊಡಿ, ವಾದ ಮಾಡಬೇಡಿ.

ಇನ್ನು ನೀರು. ನಮ್ಮ ಊರುಗಳಲ್ಲಿ ಎಸ್ಪ್ರೆಸೊ ಯಂತ್ರಗಳು ವಯಸ್ಸಿಗೆ ಮೊದಲೇ ಸಾಯುವುದು ಹೆಚ್ಚಾಗಿ ನೀರಿನಿಂದಲೇ. ಗೀಸರಿನ ಕಾಯಿಲ್ ಬಿಚ್ಚಿದಾಗ ಅದರ ಮೇಲೆ ಬಿಳಿಯ ಕಲ್ಲು ಕಟ್ಟಿರುವುದನ್ನು ನೋಡಿದ್ದೀರಲ್ಲ, ಅದೇ ಸುಣ್ಣದ ಪದರ ಬಾಯ್ಲರಿನಲ್ಲಿ, ಕೂದಲಷ್ಟು ಸಣ್ಣ ಕೊಳವೆಗಳಲ್ಲಿ, ವಾಲ್ವಿನ ಬಾಯಲ್ಲಿ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 600ರ ತನಕ ಆಗಬಹುದು. ಮನುಷ್ಯ ಅದನ್ನು ತಡೆದುಕೊಂಡಾನು, ಬಾಯ್ಲರ್ ತಡೆಯುವುದಿಲ್ಲ. ಯಂತ್ರಕ್ಕೆ 50ರಿಂದ 100 ಇದ್ದರೆ ಕ್ಷೇಮ. ಕಾವೇರಿ ನೀರು ಬರುವ ಮನೆಯವರ ಪಾಡು ವಾಸಿ. ಬೋರ್‌ವೆಲ್ ನೀರಿನವರು ಯಂತ್ರ ಬರುವ ಮೊದಲೇ ನೀರಿನ ಏರ್ಪಾಡು ಮಾಡಿಕೊಳ್ಳಬೇಕು.

ಹಾಗಾದರೆ ಆರ್.ಒ. ನೀರು ಹಾಕಿಬಿಡೋಣ ಎನ್ನುತ್ತೀರಿ. ಅದೂ ಪೂರ್ತಿ ಸರಿಯಲ್ಲ. ಲವಣವೆಲ್ಲ ತೆಗೆದ ನೀರಿನಲ್ಲಿ ಕಾಫಿ ಸಪ್ಪೆ, ಆ ನೀರು ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಇನ್ನೊಂದು ವಿಚಿತ್ರ ತೊಂದರೆಯೂ ಇದೆ. ದೊಡ್ಡ ಯಂತ್ರಗಳ ಬಾಯ್ಲರಿನಲ್ಲಿ ನೀರಿನ ಮಟ್ಟ ತಿಳಿಯಲು ಒಂದು ಲೋಹದ ಕಡ್ಡಿ ಇರುತ್ತದೆ. ನೀರು ಮುಟ್ಟಿದಾಗ ಅದರ ಮೂಲಕ ಸಣ್ಣ ವಿದ್ಯುತ್ ಹರಿದು, ತುಂಬಿತು, ಪಂಪು ನಿಲ್ಲಿಸು ಎಂದು ಹೇಳುತ್ತದೆ. ನೀರಿನಲ್ಲಿ ಲವಣವೇ ಇಲ್ಲದಿದ್ದರೆ ವಿದ್ಯುತ್ ಹರಿಯುವುದಿಲ್ಲ, ಕಡ್ಡಿಗೆ ನೀರು ಬಂದದ್ದೇ ಗೊತ್ತಾಗುವುದಿಲ್ಲ, ಪಂಪು ತುಂಬುತ್ತಲೇ ಇರುತ್ತದೆ. ಹಾಗಾಗಿ ಆರ್.ಒ. ನೀರಿಗೆ ಸ್ವಲ್ಪ ಸೋಸಿದ ನಲ್ಲಿ ನೀರು ಬೆರೆಸಿ. ಗಡಸುತನ ನೋಡುವ ಕಾಗದದ ಪಟ್ಟಿಗಳು ಸಿಗುತ್ತವೆ, ಅದ್ದಿ ನೋಡಿದರೆ ಬಣ್ಣ ಹೇಳುತ್ತದೆ. ಕಟ್ಟಿದ ಸುಣ್ಣ ಕರಗಿಸಲು ನಿಂಬೆ ಉಪ್ಪಿನ ದ್ರಾವಣ ಸಣ್ಣ ಯಂತ್ರಕ್ಕೆ ನಡೆಯುತ್ತದೆ. ಬಾಯ್ಲರ್ ಅಲ್ಯೂಮಿನಿಯಂನದಾದರೆ ಮಾತ್ರ ತಯಾರಕರು ಹೇಳಿದ ದ್ರಾವಣವನ್ನೇ ಹಾಕಿ. ದೊಡ್ಡ ಯಂತ್ರಕ್ಕೆ ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಬಿಡಿಸಿಕೊಂಡ ಕಲ್ಲಿನ ಚೂರು ಹೋಗಿ ಕೊಳವೆಗೆ ಅಡ್ಡ ಕೂತರೆ ಇಡೀ ಯಂತ್ರ ಬಿಚ್ಚಬೇಕಾಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ನೋಡಿಬಿಡೋಣ. 1400 ವಾಟಿನ ಯಂತ್ರ 230 ವೋಲ್ಟಿನಲ್ಲಿ 6 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಮಿಕ್ಸಿ ಹಾಕುವ ಸಣ್ಣ ಪ್ಲಗ್ಗಿಗೆ ಅದು ಹೊರೆ. 16 ಆಂಪಿಯರಿನ ಪವರ್ ಪ್ಲಗ್ ಬೇಕು, ಅರ್ಥಿಂಗ್ ಸರಿಯಿರಬೇಕು. ಕರೆಂಟು ಹೋದಾಗ ಮನೆಯ ಯುಪಿಎಸ್ ಇದನ್ನು ನಡೆಸುತ್ತದೆಂಬ ಭ್ರಮೆ ಬೇಡ. ಆ ಹೊತ್ತಿಗೆ ಹಿತ್ತಾಳೆ ಫಿಲ್ಟರೇ ಗತಿ, ಅದನ್ನು ಅಟ್ಟಕ್ಕೆ ಹಾಕಬೇಡಿ.

"ಅಮೆರಿಕದಲ್ಲಿರುವ ಮಗ ಬರುವಾಗ ತರುತ್ತಾನೆ, ಅಲ್ಲಿ ಅರ್ಧ ಬೆಲೆ" ಎನ್ನುವವರಿದ್ದಾರೆ. ಬೇಡ ಎಂದು ಹೇಳಿ. ಅಲ್ಲಿನ ಯಂತ್ರ 120 ವೋಲ್ಟಿನದು, 60 ಹರ್ಟ್ಸಿನದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸಲು ಯಂತ್ರದ ಪಕ್ಕದಲ್ಲೇ ಕಲ್ಲುಗುಂಡಿನಂಥ ಟ್ರಾನ್ಸ್‌ಫಾರ್ಮರ್ ಇಡಬೇಕು. ಇಟ್ಟರೂ ಹರ್ಟ್ಸ್ ಬದಲಾಗುವುದಿಲ್ಲ, ಅದಕ್ಕೆ ತಕ್ಕಂತೆ ಮಾಡಿದ ಕಂಪಿಸುವ ಪಂಪು ತನ್ನ ಲಯಕ್ಕೆ ನಡೆಯುವುದಿಲ್ಲ. ಗ್ಯಾರಂಟಿಯೂ ಸಾಮಾನ್ಯವಾಗಿ ಸಮುದ್ರ ದಾಟುವುದಿಲ್ಲ. ಇಂಗ್ಲೆಂಡಿನಿಂದಲೋ ದುಬೈಯಿಂದಲೋ ತಂದರೆ ವಿದ್ಯುತ್ತು ಹೊಂದುತ್ತದೆ, ರಿಪೇರಿಯ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ರಿಪೇರಿ ಸಣ್ಣ ಪ್ರಶ್ನೆಯಲ್ಲ. ಕಾಫಿ ಬಟ್ಟಲು ತಿರುಗಿಸಿ ಕೂರಿಸುವ ಜಾಗದ ರಬ್ಬರ್ ಗ್ಯಾಸ್ಕೆಟ್ ಬಿಸಿಗೆ ಗಟ್ಟಿಯಾಗಿ ಸೋರತೊಡಗುತ್ತದೆ, ಅದು ಯಾವ ಯಂತ್ರಕ್ಕೂ ತಪ್ಪಿದ್ದಲ್ಲ. ಬಟ್ಟಲು 58 ಮಿಲಿಮೀಟರಿನದಾಗಿದ್ದರೆ ಹೋಟೆಲು ಯಂತ್ರಗಳಿಗೆ ಬರುವ ಬಟ್ಟಲು, ಒತ್ತುವ ಗುಂಡು, ಜರಡಿ ಎಲ್ಲ ಹೊಂದುತ್ತವೆ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಆ ಕಂಪನಿಗೇ ಸೀಮಿತವಾದ ಅಳತೆಯದಾದರೆ ಆ ಕಂಪನಿಯ ಕೃಪೆಯಲ್ಲೇ ಬದುಕಬೇಕು. ದೊಡ್ಡ ಯಂತ್ರದ ತೂಕ ಇಪ್ಪತ್ತು ಕಿಲೋ ದಾಟುತ್ತದೆ. ಬೆಂಗಳೂರಿನಲ್ಲಿ ಮಾತ್ರ ರಿಪೇರಿ ಎನ್ನುವುದಾದರೆ ಕಲಬುರಗಿಯವರು, ಕಾರವಾರದವರು ಅದನ್ನು ಹೊತ್ತು ಬರುವುದು ಹೇಗೆ? ಇಂಥ ಊರಿನವರಿಗೆ ನಾನು ಎರಡು ಬಾಯ್ಲರಿನ ಚಂದಕ್ಕಿಂತ, ಸ್ಕ್ರೂಡ್ರೈವರಿಗೆ ಬಗ್ಗುವ ಸರಳ ಯಂತ್ರವನ್ನೇ ಹೇಳುತ್ತೇನೆ. ಪರದೆ, ಮೊಬೈಲ್ ಸಂಪರ್ಕ ಇವೆಲ್ಲ ಕಡಿಮೆಯಿದ್ದಷ್ಟೂ ಆಯುಸ್ಸು ಹೆಚ್ಚು.

ಬೀಜದ ಬಗ್ಗೆ ನಾವು ಕೊರಗಬೇಕಾದ್ದಿಲ್ಲ. ಭಾರತದ ಕಾಫಿಯ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ನಮ್ಮ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಕೊಡಗಿನ, ಚಿಕ್ಕಮಗಳೂರಿನ ತೊಳೆದ ರೊಬಸ್ಟಾ ಅಲ್ಲಿನ ಮಿಶ್ರಣಗಳಿಗೆ ಮೈಕಟ್ಟು, ದಪ್ಪ ಕ್ರೆಮಾ ಕೊಡುತ್ತದೆ. ಮಂಗಳೂರು ಕರಾವಳಿಯ ಮುಂಗಾರು ಗಾಳಿಗೆ ಹರವಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್ ಬೀಜಕ್ಕೂ ಎಸ್ಪ್ರೆಸೊ ಮಾಡುವವರಲ್ಲಿ ಒಳ್ಳೆಯ ಹೆಸರಿದೆ. ಇಟಲಿಯಲ್ಲಿ ಹುರಿದು ಡಬ್ಬಿಯಲ್ಲಿ ತುಂಬಿ, ಹಡಗಿನಲ್ಲಿ ತಿಂಗಳುಗಟ್ಟಲೆ ಬಂದ ಕಾಫಿಗೆ ಇಲ್ಲಿ ದುಪ್ಪಟ್ಟು ಬೆಲೆ ಕೊಟ್ಟು, ಒಳಗಿರುವ ನಮ್ಮದೇ ಬೀಜವನ್ನು ಹಳಸಿದ ಮೇಲೆ ಕುಡಿಯುವುದು ಯಾವ ಜಾಣತನವೋ ನನಗೆ ತಿಳಿಯದು. ನಿಮ್ಮ ಬೀದಿಯ ಕಾಫಿಪುಡಿ ಅಂಗಡಿಯಲ್ಲಿ ಅರಾಬಿಕಾ, ರೊಬಸ್ಟಾ ಬೆರೆಸಿ ಹುರಿದ ಬೀಜ ಕೇಳಿ. ಹುರಿದು ಒಂದು ವಾರ ಬಿಟ್ಟು ಬಳಸಿ, ಒಂದು ತಿಂಗಳೊಳಗೆ ಮುಗಿಸಿ. ಚಿಕೋರಿ ಮಾತ್ರ ಬೇಡ. ಎಂಬತ್ತು ಇಪ್ಪತ್ತರ ಪುಡಿ ಫಿಲ್ಟರಿಗೆ ಲಕ್ಷಣ, ಇಲ್ಲಿ ಚಿಕೋರಿ ನೀರು ಕುಡಿದು ಅಂಟಾಗಿ ತೂತುಗಳನ್ನು ಮುಚ್ಚುತ್ತದೆ.

ಒಟ್ಟು ಹೇಳಬೇಕಾದ್ದು ಇನ್ನೊಂದೇ. ಚಿತ್ರ ನೋಡಿ, ಹೊಳಪು ನೋಡಿ ಯಂತ್ರ ಕೊಳ್ಳಬೇಡಿ. ಅಂಗಡಿಗೆ ಹೋಗುವಾಗ ನೀವು ದಿನಾ ಕುಡಿಯುವ ಬೀಜ ಕಾಲು ಕಿಲೋ, ನಿಮ್ಮ ಮನೆಗೆ ಬರುವ ಹಾಲಿನ ಒಂದು ಪ್ಯಾಕೆಟ್, ಮನೆಯ ಒಂದು ಲೋಟ ಜೊತೆಗೆ ಒಯ್ಯಿರಿ. ಮನೆಯಲ್ಲಿ ಬೆಳಗ್ಗೆ ಎಷ್ಟು ಲೋಟ ಬೇಕೋ ಅಷ್ಟನ್ನೂ ಒಂದರ ಹಿಂದೆ ಒಂದರಂತೆ ಅಲ್ಲೇ, ನನ್ನ ಕೈಯಿಂದಲೇ ಮಾಡಿ ನೋಡುತ್ತೇನೆ ಎನ್ನಿ. ಗ್ಯಾಸ್ಕೆಟ್ ಬದಲಿಸುವವರು ಯಾರು, ಎಷ್ಟು ದಿನದಲ್ಲಿ ಬರುತ್ತಾರೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಇಷ್ಟಕ್ಕೆ ಒಪ್ಪುವ ಅಂಗಡಿಯಲ್ಲಿ ಎರಡು ಸಾವಿರ ಹೆಚ್ಚಾದರೂ ಕೊಟ್ಟು ಕೊಳ್ಳಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.